ಕಾಲುವೆಯ ಬಸವನಹುಳು: ಚಿಪ್ಪು ನೋಡಿ ಜಾತಿ ತಿಳಿಯಿರಿ



ತುಂಗಭದ್ರಾ ಕೆಳಮಟ್ಟದ ಕಾಲುವೆಗೆ ನೀರು ಬಿಟ್ಟು ಕೆಲವು ವಾರಗಳಾದರೆ ಸಾಕು, ಜವಳು ಹಿಡಿದ ತಗ್ಗುಗಳಲ್ಲಿಯೂ ಭತ್ತದ ಮಡಿಗಳಲ್ಲಿಯೂ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ನಾವು ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದಾಮನು ಪ್ರಾಣಿಗಳಿಗೆಲ್ಲ ಹೆಸರಿಟ್ಟನೆಂದು ಆದಿಕಾಂಡದಲ್ಲಿ ಓದುತ್ತೇವೆ. ನಾವು ಮಾತ್ರ ನಮ್ಮ ಕುರಿಯನ್ನು ಕೊಲ್ಲುವುದು ಯಾವುದು, ಕೊಲ್ಲದ್ದು ಯಾವುದು ಎಂದು ಬೇರ್ಪಡಿಸುವುದಿಲ್ಲ.

ಮೊದಲು ಚಿಪ್ಪಿನ ಬಾಯಿ ನೋಡಿರಿ. ಚೆಂಡಿನಂತೆ ಗುಂಡಗೆ, ದಪ್ಪಗೆ ಇದ್ದು, ಮುಟ್ಟಿದೊಡನೆ ಗಟ್ಟಿ ಮುಚ್ಚಳ ಹಾಕಿಕೊಂಡರೆ ಅದು ಪೈಲಾ. ಲತೀನಿನಲ್ಲಿ ಪೈಲಾ ಎಂದರೆ ಚೆಂಡೇ. ಗುರುಮಠದಲ್ಲಿ ಕಲಿತ ಲತೀನು ಇಂಥ ಕಡೆಯೂ ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಕೆಸರಿನೊಳಗೆ ಬಾಯಿ ಮುಚ್ಚಿಕೊಂಡು ಮಲಗುವುದು ಇದೇ. ಕುರಿಯ ಲಿವರಿನ ಹುಳುವಿಗೂ ಇದಕ್ಕೂ ಸಂಬಂಧವಿಲ್ಲ.

ಮುಚ್ಚಳವಿಲ್ಲದೆ, ತೆಳ್ಳಗೆ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ಚಿಪ್ಪಿನವುಗಳ ಬಗ್ಗೆ ಎಚ್ಚರ ಬೇಕು. ಇವು ಶ್ವಾಸಚೀಲದಿಂದ ಗಾಳಿ ಉಸಿರಾಡುವ ಗುಂಪಿನವು. ಅಮೆರಿಕದ ಕಡಲಂಚಿನ ಉಪ್ಪು ಜೌಗಿನಲ್ಲಿರುವ ಮೆಲಾಂಪಸ್ ಎಂಬ ಹುಳವೂ ಇವುಗಳ ದೂರದ ನಂಟನೇ. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಬಾಯಿ ಅಗಲವಾಗಿ ಬಲಕ್ಕೆ ಬಂದರೆ ಲಿಮ್ನಿಯಾ. ಚಿಪ್ಪಿಗೆ ತುದಿಯೇ ಇಲ್ಲದೆ, ಹಗ್ಗ ಸುತ್ತಿಟ್ಟಂತೆ ಚಪ್ಪಟೆಯಾಗಿದ್ದರೆ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ಎಕ್ಸಸ್ಟಸ್ ಎಂದರೆ ಸುಟ್ಟದ್ದು.

ಲಿಮ್ನಿಯಾದ ಹೊಟ್ಟೆಯಲ್ಲಿ ಬೆಳೆದ ಮರಿಹುಳುಗಳು ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಆ ಹುಲ್ಲು ಮೇಯ್ದ ಕುರಿಯ ಲಿವರಿಗೆ ಅವು ಸೇರುತ್ತವೆ. ಕುರಿ ಸೊರಗುತ್ತದೆ, ಕಣ್ಣು ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋಲುತ್ತದೆ. ಹುಳು ಬಲಿತು ಮೊಟ್ಟೆಯಿಡಲು ಮೂರು ತಿಂಗಳಾದರೂ ಬೇಕು. ಅದಕ್ಕೆ ಮುಂಚೆ ಹಿಕ್ಕೆ ಪರೀಕ್ಷಿಸಿದರೆ ಏನೂ ಕಾಣದು. ಆದುದರಿಂದ "ಪರೀಕ್ಷೆಯಲ್ಲಿ ಏನೂ ಇಲ್ಲವಂತೆ" ಎಂದು ಸುಮ್ಮನಿರಬೇಡಿರಿ. ಎಳೆಯ ಹುಳುವಿಗೂ ನಾಟುವ ಔಷಧಿ ಟ್ರೈಕ್ಲಾಬೆಂಡಜೋಲ್. ಎಷ್ಟು, ಯಾವಾಗ ಎಂಬುದನ್ನು ಪಶುವೈದ್ಯರನ್ನೇ ಕೇಳಿರಿ.

ಚಪ್ಪಟೆ ಚಿಪ್ಪಿನದು ದನದ ಗೊರಕೆ ರೋಗವನ್ನು ಹರಡುತ್ತದೆ. ಆ ರೋಗದ ಹುಳುವನ್ನು 1933ರಲ್ಲಿ ವಿವರಿಸಿ ಹೆಸರಿಟ್ಟವರು ನಮ್ಮ ದೇಶದ ವಿಜ್ಞಾನಿ ರಾವ್ ಅವರು. ಮರಿಹುಳುಗಳು ನೀರಿನಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತವೆ. ಮೂಗಿನೊಳಗೆ ಗಂಟುಗಳಾಗಿ ಎತ್ತು ಗೊರಗೊರ ಎನ್ನುತ್ತದೆ. ನಾಟಿ ಮಾಡುವ ತಾಯಂದಿರ ಕಾಲಿನ ನವೆಗೂ ಅನೇಕ ವೇಳೆ ಇಂಥ ದನದ ಹುಳುಗಳೇ ಕಾರಣ. ನಮ್ಮ ಚರ್ಮದಲ್ಲಿ ಅವು ಬದುಕದೆ ಸಾಯುತ್ತವೆ, ನವೆ ಮಾತ್ರ ಕೆಲವು ದಿನ ಉಳಿಯುತ್ತದೆ.

ದನಗಳಿಗೆ ತಗ್ಗಿನ ನೀರು ಕುಡಿಸದೆ ತೊಟ್ಟಿಯಲ್ಲಿ ಕುಡಿಸಿರಿ. ಸಗಣಿ ನೀರಿಗೆ ಬೀಳದಿರಲಿ. ಕಾಲುವೆಯಂಚಿನ ಹಸಿ ಹುಲ್ಲು ಕುರಿಗೆ ಬೇಡ. ಹಸಿ ಭತ್ತದ ಹುಲ್ಲನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬಣವೆ ಒಟ್ಟಿ, ಕೆಲವು ತಿಂಗಳು ಕಳೆದ ಮೇಲೆ ಹಾಕಿರಿ. ಮೈಲುತುತ್ತ ಸುರಿದರೆ ಹುಳ ಸಾಯುವುದೇನೋ ನಿಜ, ಮೀನೂ ಸಾಯುತ್ತದೆ, ಆ ನೀರು ಕುಡಿದ ಕುರಿಗೂ ಅದು ವಿಷವೇ.