ತಾವಾಗಿಯೇ ಕೈಹಿಡಿಯುವ ಅಣುಗಳು

2007ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾಗಳಿಂದ, ಸಾಕಿದ ನಾಯಿ-ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿರುವ ಸುದ್ದಿ ಒಂದರ ಹಿಂದೊಂದು ಬರತೊಡಗಿತು. ಅವು ತಿಂದಿದ್ದ ಸಿದ್ಧ ಆಹಾರದಲ್ಲಿ ತಜ್ಞರಿಗೆ ಮೆಲಮಿನ್ ಮತ್ತು ಸಯನ್ಯೂರಿಕ್ ಆಮ್ಲ ಎಂಬ ಎರಡು ರಾಸಾಯನಿಕಗಳು ಸಿಕ್ಕಿದವು. ವಿಚಿತ್ರವೆಂದರೆ ಬಿಡಿಬಿಡಿಯಾಗಿ ಇವೆರಡೂ ಅಂಥ ಉಗ್ರ ವಿಷಗಳಲ್ಲ. ಈಜುಕೊಳದ ಕ್ಲೋರಿನ್ ಬಿಸಿಲಿಗೆ ಬೇಗ ನಾಶವಾಗದಿರಲೆಂದು ಸಯನ್ಯೂರಿಕ್ ಆಮ್ಲವನ್ನು ನೀರಿಗೆ ಹಾಕುತ್ತಾರೆ. ಮೆಲಮಿನ್ ಅಂತೂ ಅನೇಕರ ಅಡುಗೆಮನೆಯಲ್ಲೇ ಇದೆ; ಬಿದ್ದರೂ ಸುಲಭವಾಗಿ ಒಡೆಯದ, ಹೂವಿನ ಚಿತ್ತಾರದ ತಟ್ಟೆಗಳು ಅದರ ರಾಳದಿಂದ ಆದವು. (ರಾಳದಲ್ಲಿ ಅದು ಫಾರ್ಮಾಲ್ಡಿಹೈಡ್ ಜೊತೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಆ ತಟ್ಟೆಯಲ್ಲಿ ಊಟ ಮಾಡಬಹುದು, ಮೈಕ್ರೋವೇವ್ ಒಲೆಯೊಳಗೆ ಮಾತ್ರ ಇಡಬಾರದು.) ಆದರೆ ಪ್ರಾಣಿಗಳ ಮೂತ್ರಪಿಂಡದಲ್ಲಿ ಎರಡೂ ಎದುರಾದಾಗ ಒಂದನ್ನೊಂದು ಹಿಡಿದುಕೊಂಡು, ನೀರಿನಲ್ಲಿ ಕರಗದ ಹರಳುಗಳಾಗಿ, ಸೂಕ್ಷ್ಮ ನಾಳಗಳನ್ನು ಮುಚ್ಚಿಬಿಟ್ಟಿದ್ದವು.

ಮರುವರ್ಷ ಚೀನಾದಲ್ಲಿ ನಡೆದದ್ದು ಇನ್ನೂ ದಾರುಣ. ಹಾಲಿಗೆ ನೀರು ಬೆರೆಸಿದವರು ಅದನ್ನು ಮರೆಮಾಚಲು ಮೆಲಮಿನ್ ಸೇರಿಸಿದರು. ಹಾಲಿನ ಸಸಾರಜನಕವನ್ನು ತಿಳಿಯಲು ಮಾಡುವ ವಾಡಿಕೆಯ ಪರೀಕ್ಷೆ ನಿಜಕ್ಕೂ ಅಳೆಯುವುದು ಸಾರಜನಕವನ್ನು. ಸಸಾರಜನಕದಲ್ಲಿ ಸಾರಜನಕದ ಪಾಲು ಸುಮಾರು ಶೇಕಡಾ 16. ಮೆಲಮಿನ್‌ನಲ್ಲಿ ಸುಮಾರು ಶೇಕಡಾ 67. ಸ್ವಲ್ಪ ಪುಡಿ ಬೆರೆಸಿದರೆ ನೀರುಹಾಲೂ ಪರೀಕ್ಷೆಯಲ್ಲಿ ಗಟ್ಟಿಹಾಲೆಂದು ಪಾಸಾಗುತ್ತಿತ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ತೀರಿಕೊಂಡವು. ಇಲ್ಲಿ ಮೆಲಮಿನ್‌ಗೆ ಜೊತೆಯಾದದ್ದು ಮಕ್ಕಳ ಮೂತ್ರದಲ್ಲಿ ಸಹಜವಾಗಿಯೇ ಇರುವ ಯೂರಿಕ್ ಆಮ್ಲ.

ಮೆಲಮಿನ್‌ಗೂ ಸಯನ್ಯೂರಿಕ್ ಆಮ್ಲಕ್ಕೂ ಇಂಥ ಸೆಳೆತ ಏಕೆ? ಪಿಯುಸಿ ವಿದ್ಯಾರ್ಥಿಗಳು ಕಾಗದದ ಮೇಲೆ ಇವೆರಡರ ರಚನೆಯನ್ನು ಬರೆದು ನೋಡಿದರೆ ಸಾಕು, ಅರ್ಧ ಉತ್ತರ ಕಣ್ಣಿಗೇ ಕಾಣುತ್ತದೆ. ಎರಡೂ ಆರು ಮೂಲೆಯ ಉಂಗುರಗಳು. ಇಂಗಾಲ ಮತ್ತು ಸಾರಜನಕದ ಮೂರು ಮೂರು ಪರಮಾಣುಗಳು ಒಂದಾದ ಮೇಲೊಂದರಂತೆ ಕುಳಿತಿವೆ. ಮೆಲಮಿನ್‌ನ ಒಂದು ಅಂಚಿನಲ್ಲಿ ಎರಡು ಅಮೈನೋ ಗುಂಪುಗಳು ಜಲಜನಕವನ್ನು ಮುಂದೆ ಚಾಚಿವೆ, ನಡುವಿನ ಸಾರಜನಕ ಜಲಜನಕಕ್ಕಾಗಿ ಕಾಯುತ್ತಿದೆ. ಅಂದರೆ ಕೊಡುವ, ಪಡೆಯುವ, ಕೊಡುವ ಕ್ರಮ. ಸಯನ್ಯೂರಿಕ್ ಆಮ್ಲದ ಅಂಚಿನಲ್ಲಿ ಅದು ತಿರುಗುಮುರುಗು: ಪಡೆಯುವ, ಕೊಡುವ, ಪಡೆಯುವ. ಎದುರುಬದುರಾಗಿ ಬಂದರೆ ಬಾಗಿಲಿಗೆ ಚಿಲಕದಂತೆ ಮೂರು ಜಲಜನಕ ಬಂಧಗಳು ಕೂಡಿಕೊಳ್ಳುತ್ತವೆ. ಒಂದೊಂದು ಅಣುವಿಗೂ ಇಂಥ ಮೂರು ಅಂಚುಗಳಿರುವುದರಿಂದ ಹೆಣಿಗೆ ಎಲ್ಲ ದಿಕ್ಕಿಗೂ ಚಾಪೆಯಂತೆ ಹರಡುತ್ತದೆ. ಆ ಚಾಪೆಗಳ ಅಟ್ಟಿಯೇ ಹರಳು.

ನಮ್ಮ ಡಿಎನ್‌ಎಯಲ್ಲಿ ಗ್ವಾನಿನ್ ಮತ್ತು ಸೈಟೊಸಿನ್‌ಗಳನ್ನು ಹಿಡಿದಿರುವುದೂ ಇಂಥವೇ ಮೂರು ಬಂಧಗಳು. ಹೀಗಾಗಿ ಕೂಸುಗಳನ್ನು ಕೊಂದ ಈ ಕೈಹಿಡಿತವೇ ಜೀವದ ಮೂಲವನ್ನು ಹುಡುಕುವವರ ಆಸಕ್ತಿಯನ್ನೂ ಕೆರಳಿಸಿದೆ.

ಅವರ ತೊಡಕು ಹೀಗಿದೆ. ಇಂದಿನ ಜೀವಕೋಶದಲ್ಲಿ ಆರ್‌ಎನ್‌ಎ ಸರಪಣಿಯನ್ನು ಹೆಣೆಯುವುದು ಕಿಣ್ವಗಳು. ಕಿಣ್ವಗಳನ್ನು ಮಾಡಲು ಆರ್‌ಎನ್‌ಎ ಬೇಕು. ಆರ್‌ಎನ್‌ಎಯೇ ಕಿಣ್ವದ ಕೆಲಸವನ್ನೂ ಮಾಡಬಲ್ಲದೆಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿ 1989ರ ನೊಬೆಲ್ ಪಡೆದರು. ಆದರೂ ಮೊದಲ ಸರಪಣಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯಿತು. ಆರ್‌ಎನ್‌ಎಯ ನಾಲ್ಕು ‘ಅಕ್ಷರ’ಗಳನ್ನು ಬಿಡಿಬಿಡಿಯಾಗಿ ನೀರಿನಲ್ಲಿ ಕರಗಿಸಿದರೆ ಅವು ಜೋಡಿಯಾಗುವುದಿಲ್ಲ. ಸುತ್ತಲಿನ ನೀರಿನ ಅಣುಗಳೇ ಅವುಗಳ ಕೈ ಹಿಡಿದುಬಿಡುತ್ತವೆ. ಸರಪಣಿಯಲ್ಲಿ ಪೋಣಿಸಿದ ಮೇಲಷ್ಟೇ ಅವು ತಮ್ಮ ಜೊತೆಗಾರರನ್ನು ಗುರುತಿಸುತ್ತವೆ.

ಅಟ್ಲಾಂಟಾ ನಗರದ ಜಾರ್ಜಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ನಿಕೊಲಾಸ್ ಹಡ್ ಬೇರೆ ದಾರಿ ಹಿಡಿದರು. ಮೊಟ್ಟಮೊದಲ ಆರ್‌ಎನ್‌ಎಯ ಅಕ್ಷರಗಳು ಈಗಿನವೇ ಆಗಿರಬೇಕೆಂದು ಯಾರು ಹೇಳಿದರು? ತಾವಾಗಿಯೇ ಸಾಲುಗಟ್ಟುವ ಬೇರೆ ಅಣುಗಳು ಮೊದಲು ಆ ಜಾಗದಲ್ಲಿದ್ದು, ಮುಂದೆ ಜಾಗ ಬಿಟ್ಟುಕೊಟ್ಟಿರಬಹುದಲ್ಲ?

ಅವರ ತಂಡ ಆರಿಸಿಕೊಂಡದ್ದು ಮೆಲಮಿನ್‌ನ ತೀರ ಹತ್ತಿರದ ನಂಟನನ್ನು. ಮೆಲಮಿನ್ ಉಂಗುರದ ಒಂದು ಸಾರಜನಕದ ಜಾಗದಲ್ಲಿ ಜಲಜನಕ ಹೊತ್ತ ಇಂಗಾಲವನ್ನು ಕೂರಿಸಿದರೆ ಟ್ರೈಅಮೈನೋಪಿರಿಮಿಡಿನ್ ಸಿಗುತ್ತದೆ. ಅದರ ಮೂರು ಅಂಚುಗಳಲ್ಲಿ ಒಂದು ನಿರುಪಯೋಗಿ, ಉಳಿದ ಎರಡು ಮಾತ್ರ ಕೈಹಿಡಿಯಬಲ್ಲವು. ಸಯನ್ಯೂರಿಕ್ ಆಮ್ಲಕ್ಕೂ ಒಂದು ಬದಿಯಲ್ಲಿ ಬಾಲ ಅಂಟಿಸಿ ಅದರ ಒಂದು ಅಂಚನ್ನು ಮುಚ್ಚಿದರು. ಈಗ ಚಾಪೆ ಹರಡುವಂತಿಲ್ಲ. ಇದರ ಮೂರು, ಅದರ ಮೂರು ಸೇರಿ ಆರು ಅಣುಗಳ ದುಂಡು ಬಿಲ್ಲೆಯಾಗುತ್ತದೆ. ಒಂದು ಬಿಲ್ಲೆಗೆ 18 ಜಲಜನಕ ಬಂಧಗಳು. ಬಿಲ್ಲೆಯ ಚಪ್ಪಟೆ ಮುಖಗಳಿಗೆ ನೀರಿನ ಸಂಗ ಅಷ್ಟಾಗಿ ಹಿಡಿಸದು. ಅವು ನಾಣ್ಯಗಳನ್ನು ಜೋಡಿಸಿಟ್ಟಂತೆ ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಡಿಎನ್‌ಎ ಏಣಿಯಲ್ಲಿ ಮೆಟ್ಟಿಲಿಗೂ ಮೆಟ್ಟಿಲಿಗೂ ಇರುವ ಅಂತರ 0.34 ನ್ಯಾನೊಮೀಟರ್. ಬಿಲ್ಲೆಗಳ ನಡುವಣ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕದಲ್ಲಿ ಒಂದು ಮೈಕ್ರೊಮೀಟರ್ ಉದ್ದದ ಎಳೆಗೆ ಸುಮಾರು 3000 ಬಿಲ್ಲೆಗಳು ಬೇಕು. ಅಷ್ಟು ಉದ್ದದ ಎಳೆಗಳು ಬರೀ ನೀರಿನಲ್ಲಿ, ಕಿಣ್ವದ ಹಂಗಿಲ್ಲದೆ ಬೆಳೆದದ್ದನ್ನು ತಂಡ 2013ರಲ್ಲಿ ಪ್ರಕಟಿಸಿತು. ದ್ರಾವಣ ಹೆಪ್ಪುಗಟ್ಟಿದ ಲೋಳೆಯಂತಾಗಿತ್ತು.

2016ರಲ್ಲಿ ಹಡ್ ಹಾಗೂ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ರಾಮನಾರಾಯಣನ್ ಕೃಷ್ಣಮೂರ್ತಿ ಅವರ ತಂಡಗಳು ಇನ್ನೊಂದು ಹೆಜ್ಜೆ ಇಟ್ಟವು. ಬಾರ್ಬಿಟ್ಯೂರಿಕ್ ಆಮ್ಲ ಮತ್ತು ಅದೇ ಮೆಲಮಿನ್, ಆರ್‌ಎನ್‌ಎಯಲ್ಲಿರುವ ರೈಬೋಸ್ ಸಕ್ಕರೆಯ ಫಾಸ್ಫೇಟಿನೊಂದಿಗೆ ನೀರಿನಲ್ಲೇ ಬೆಸೆದುಕೊಂಡವು. ಹಾಗೆ ಬೆಸೆದ ಮೇಲೂ ಪರಸ್ಪರ ಕೈಹಿಡಿದು ಎಳೆಗಟ್ಟಿದವು. ಇಂದಿನ ಯುರಾಸಿಲ್, ಸೈಟೊಸಿನ್‌ಗಳು ರೈಬೋಸ್ ಜೊತೆ ಇಷ್ಟು ಸಲೀಸಾಗಿ ಕೂಡುವುದಿಲ್ಲ ಎಂಬುದನ್ನು ನೆನೆದರೆ ಇದರ ಮಹತ್ವ ಗೊತ್ತಾಗುತ್ತದೆ.

ಹಾಗೆಂದು ಜೀವದ ಗುಟ್ಟು ರಟ್ಟಾಯಿತೆಂದು ಕುಣಿಯುವುದು ಅವಸರವಾದೀತು. ಈ ಎಳೆಗಳಲ್ಲಿ ಬಿಲ್ಲೆಗಳನ್ನು ಒಂದಕ್ಕೊಂದು ಹೊಲಿಯುವ ಗಟ್ಟಿ ದಾರವಿಲ್ಲ. ಎರಡೇ ಅಕ್ಷರಗಳು ಸರದಿಯಂತೆ ಬರುವ ಸಾಲಿನಲ್ಲಿ ಸಂದೇಶ ಅಡಗಿಸಲೂ ಆಗದು. ಇನ್ನೊಂದು ಪಕ್ಷವೂ ಇದೆ. ಇಂಗ್ಲೆಂಡಿನ ಜಾನ್ ಸದರ್‌ಲ್ಯಾಂಡ್ ಅವರ ತಂಡ 2009ರಲ್ಲಿ, ಸಕ್ಕರೆಗೆ ಅಕ್ಷರವನ್ನು ಅಂಟಿಸುವ ಗೋಜೇ ಇಲ್ಲದ ಸುತ್ತುದಾರಿಯಿಂದ ಇಂದಿನ ಆರ್‌ಎನ್‌ಎಯದೇ ಘಟಕಗಳನ್ನು ತಯಾರಿಸಿ ತೋರಿಸಿತು. ಹಾಗಾದರೆ ಬದಲಿ ಅಕ್ಷರಗಳ ಅಗತ್ಯವೇನು ಎಂದು ಕೇಳುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೂ, ಕರಗಿಸಿಟ್ಟರೆ ಸಾಕು ತಾನೇ ಎಳೆಯಾಗುವ ಪ್ರಯೋಗದ ಸರಳತೆಗೆ ಅದರದೇ ತೂಕವಿದೆ.

ತಾವಾಗಿ ಕಟ್ಟಿಕೊಳ್ಳುವ ಇಂಥ ಎಳೆಗಳ ಅಧ್ಯಯನ ಬೆಂಗಳೂರಿನಲ್ಲೂ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸುಬಿ ಜಾರ್ಜ್ ಅವರಿಗೆ 2020ರ ಭಟ್ನಾಗರ್ ಪ್ರಶಸ್ತಿ ಸಂದಿತು. ಅವರ ತಂಡ ಸಣ್ಣ ಅಣುಗಳ ದ್ರಾವಣಕ್ಕೆ ಜೀವಕೋಶದ ಇಂಧನವಾದ ಎಟಿಪಿಯನ್ನು ಸೇರಿಸಿ ಎಳೆಗಳನ್ನು ಬೆಳೆಸಿತು. ಎಟಿಪಿಯನ್ನು ಒಡೆಯುವ ಕಿಣ್ವವನ್ನು ಬಿಟ್ಟಾಗ ಎಳೆಗಳು ಬಿಚ್ಚಿಕೊಂಡವು. ಜೀವಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ತಂತುಗಳು ಬೆಳೆಯುವುದೂ ಬಿಚ್ಚಿಕೊಳ್ಳುವುದೂ ಎಟಿಪಿಯನ್ನೇ ನೆಚ್ಚಿಕೊಂಡು.