ಅಜ್ಜಿ ಈ ಸಲ ಜಾತ್ರೆಗೆ ಏಕೆ ಬರಲಿಲ್ಲ?

ಮನೆಯ ಹಿರಿಯರ ಆರೋಗ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗುಳಿಗೆಯ ಚೀಟಿ, ರಕ್ತದೊತ್ತಡದ ಅಂಕಿ, ಸಕ್ಕರೆಯ ರಿಪೋರ್ಟು. ಇವೆಲ್ಲ ಬೇಕು, ನಿಜ. ಆದರೆ ಅಜ್ಜಿಯನ್ನು ದವಾಖಾನೆಗೆ ಕರೆತಂದ ಮಗನನ್ನೋ ಸೊಸೆಯನ್ನೋ ‘ಇವರಿಗೆ ಯಾವುದರಲ್ಲಿ ಖುಷಿ? ಈಗಲೂ ಅದನ್ನು ಮಾಡುತ್ತಾರೆಯೇ?’ ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಓದುಗರೇ, ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ಮುಪ್ಪಿನ ಎಷ್ಟೋ ಕಾಯಿಲೆಗಳು ಮೊದಲು ತಲೆ ಹಾಕುವುದು ನೋವಾಗಿ ಅಲ್ಲ, ಜ್ವರವಾಗಿಯೂ ಅಲ್ಲ. ಇಷ್ಟದ ಕೆಲಸವೊಂದು ಸದ್ದಿಲ್ಲದೆ ನಿಂತುಹೋಗುವುದರ ಮೂಲಕ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಅಜ್ಜಿಯರ ದಿನಚರಿಯನ್ನೇ ನೋಡಿ. ನಿಪ್ಪಾಣಿ ತಾಲೂಕಿನ ಬೋರಗಾಂವದಂಥ ಊರಿನಲ್ಲಿ ಒಂದೇ ಕಟ್ಟೆಯ ಮೇಲೆ ಕನ್ನಡವೂ ಮರಾಠಿಯೂ ಕೇಳಿಬರುತ್ತವೆ. ಬೆಳಿಗ್ಗೆ ಗುಡಿ ಅಥವಾ ಬಸದಿ, ಮಧ್ಯಾಹ್ನ ಹಳೆಯ ಸೀರೆಗಳನ್ನು ಪದರು ಹಾಕಿ ಕೌದಿ ಹೊಲಿಯುವುದು, ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ, ಸಂಜೆ ಓಣಿಯ ಗೆಳತಿಯರೊಂದಿಗೆ ಮಾತು. ಪಂಚಮಿ ಬಂದರೆ ಮೊಮ್ಮಕ್ಕಳ ಜೋಕಾಲಿ ಮತ್ತು ಉಂಡಿ. ಶೀಗಿ ಹುಣ್ಣಿಮೆಗೋ ಎಳ್ಳು ಅಮಾವಾಸ್ಯೆಗೋ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಎಲ್ಲರೂ ಕೂಡಿ ಉಣ್ಣುವುದು. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆ. ನಡುನಡುವೆ ಕೃಷ್ಣೆಯ ದಂಡೆಯ ಯಡೂರು ವೀರಭದ್ರ, ನಿಪ್ಪಾಣಿ ಬಳಿಯ ತವನಿಧಿ ಬಸದಿ, ಗಡಿಯಾಚೆ ಕೃಷ್ಣಾ-ಪಂಚಗಂಗಾ ಸಂಗಮದ ನರಸೋಬಾವಾಡಿ, ಕೊಲ್ಲಾಪುರದ ಮಹಾಲಕ್ಷ್ಮಿ.

ಖುಷಿಯೂ ಹೌದು, ಔಷಧವೂ ಹೌದು

ಇವನ್ನು ಅಜ್ಜಿ ಔಷಧವೆಂದು ಮಾಡುವುದಿಲ್ಲ. ಆದರೂ ದೇಹಕ್ಕೆ ಇವು ಔಷಧದಂತೆಯೇ ಒದಗುತ್ತವೆ. ಗುಡಿಗೆ ನಡೆದು ಹೋಗಿ ಬಂದರೆ ತೊಡೆಯ ಸ್ನಾಯುಗಳಿಗೂ ಹೃದಯಕ್ಕೂ ವ್ಯಾಯಾಮ. ಕೌದಿ ಹೊಲಿದರೆ ಬೆರಳು, ಕಣ್ಣು, ಮಿದುಳು ಮೂರಕ್ಕೂ ಕೆಲಸ. ಕಟ್ಟೆಯ ಮಾತಿನಿಂದ ನೆನಪಿನ ಶಕ್ತಿಗೂ ಮನಸ್ಸಿಗೂ ಚೇತನ. ಬಿಸಿಲು ಮೈಗೆ ಬಿದ್ದರೆ ಮೂಳೆಗೆ ಬೇಕಾದ ಡಿ ಜೀವಸತ್ವ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲಕ್ಕೆ ಕೆಲಸ ಕೊಡಬೇಕು ಎಂದಿದೆ. ಅದೇ ಸಂಸ್ಥೆ 2025ರ ವರದಿಯಲ್ಲಿ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ಹೇಳಿತು. ಒಂಟಿತನ ಮನಸ್ಸಿಗೆ ಮಾತ್ರವಲ್ಲ, ಹೃದಯಕ್ಕೂ ಮಿದುಳಿಗೂ ಕೆಡುಕು. ತುಂಬಿದ ಮನೆಯಲ್ಲಿದ್ದೂ ಒಂಟಿಯಾಗಿರಬಹುದು ಎಂಬುದನ್ನು ಮರೆಯಬೇಡಿ.

‘ನಾ ಒಲ್ಲೆ, ನೀವ ಹೋಗಿ ಬರ್ರಿ’

ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬುತ್ತಿ ಕಟ್ಟಿ ಕೂಡುತ್ತಿದ್ದ ಅಜ್ಜಿ ಈ ಸಲ ‘ನಾ ಒಲ್ಲೆ, ನೀವ ಹೋಗಿ ಬರ್ರಿ, ಮನಿ ಕಾಯತೀನಿ’ ಎಂದರೆ ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ವಯಸ್ಸು ಒಂದು ಕಾಯಿಲೆಯಲ್ಲ. ಆ ‘ಒಲ್ಲೆ’ಯ ಹಿಂದೆ ಸಾಮಾನ್ಯವಾಗಿ ಅಡಗಿರುವ ಕಾರಣಗಳು ಹೀಗಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯುಂಟು.

ಮೊಣಕಾಲು: ಕೀಲಿನ ಸವೆತದಿಂದ ಕುಳಿತು ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ನೋವೆಂದು ಪೂರ್ತಿ ಕುಳಿತರೆ ತೊಡೆಯ ಸ್ನಾಯು ಸೊರಗಿ ನೋವು ಇನ್ನೂ ಹೆಚ್ಚುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ, ರಕ್ತದೊತ್ತಡ ಏರಿಸುತ್ತವೆ.

ಮೂತ್ರ: ಇದನ್ನು ಅಜ್ಜಿ ಯಾರಿಗೂ ಹೇಳುವುದಿಲ್ಲ. ಕೆಮ್ಮಿದರೆ, ನಕ್ಕರೆ ಮೂತ್ರ ಹನಿಯುತ್ತದೆ. ಅಥವಾ ಬಂತೆಂದರೆ ತಡೆಯಲಾಗುವುದಿಲ್ಲ. ಜಾತ್ರೆಯಲ್ಲಿ ಎಲ್ಲಿ ಹೋಗುವುದು, ಬಸ್ಸನ್ನು ಹೇಗೆ ನಿಲ್ಲಿಸುವುದು ಎಂಬ ಅಂಜಿಕೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಕೆಲವರು ನೀರು ಕುಡಿಯುವುದನ್ನೂ ಬಿಡುತ್ತಾರೆ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು ಬೆನ್ನು ಹತ್ತುತ್ತವೆ. ಸೋಂಕು, ಸಕ್ಕರೆ ರೋಗ, ಗರ್ಭಕೋಶ ಜಾರಿರುವುದು, ಹೆರಿಗೆಗಳಿಂದ ಸಡಿಲವಾದ ಸ್ನಾಯು, ಕಾರಣ ಯಾವುದು ಎಂದು ವೈದ್ಯರು ಪರೀಕ್ಷಿಸಿ ಹೇಳಬಲ್ಲರು. ಸ್ನಾಯು ಸಡಿಲವಾಗಿದ್ದರೆ, ಮೂತ್ರ ತಡೆಯುವಾಗ ಬಿಗಿಯುವಂತೆ ಆ ಭಾಗವನ್ನು ಐದು ಎಣಿಸುವವರೆಗೆ ಬಿಗಿದು, ಅಷ್ಟೇ ಹೊತ್ತು ಸಡಿಲಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಈ ವಿಷಯವನ್ನು ಮಗ ಕೇಳಿದರೆ ಉತ್ತರ ಬರದು. ಮಗಳೋ ಸೊಸೆಯೋ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಲಿ.

ಕಣ್ಣು: ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದ ಅಜ್ಜಿ ಈಗ ಕೌದಿಯನ್ನೇ ಮೂಲೆಗೆ ಇಟ್ಟಿದ್ದಾರೆಯೇ? ಸಂಜೆಯಾದರೆ ಹೊಸ್ತಿಲು ಎಡವುತ್ತಾರೆಯೇ? ಕಣ್ಣಿನ ಪೊರೆ ಇರಬಹುದು. ಪೊರೆ ‘ಹಣ್ಣಾಗಲಿ’ ಎಂದು ಕಾಯುವ ಕಾಲ ಹೋಯಿತು. ದಿನದ ಕೆಲಸಕ್ಕೆ ತೊಡಕಾದರೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಕಿವಿ: ಮಾತು ಕೇಳಿಸದಿದ್ದರೆ ಕಟ್ಟೆಯ ಹರಟೆಯಲ್ಲಿ ಏನು ಸೊಗಸು? ಎಲ್ಲರೂ ನಕ್ಕಾಗ ತಾನೂ ನಕ್ಕು, ಕೊನೆಗೆ ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ. ಒಮ್ಮೊಮ್ಮೆ ಕಾರಣ ಗಟ್ಟಿಯಾದ ಗುಗ್ಗೆ ಮಾತ್ರ. ಇಲ್ಲವಾದರೆ ಶ್ರವಣಯಂತ್ರ ಇದೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ಮರೆಗುಳಿ ರೋಗಕ್ಕೆ ದಾರಿ ಮಾಡುವ, ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಕಿವುಡುತನ, ಚಿಕಿತ್ಸೆ ಮಾಡದೆ ಬಿಟ್ಟ ದೃಷ್ಟಿದೋಷ, ಜನರ ಒಡನಾಟ ಇಲ್ಲದಿರುವುದು ಇವು ಮೂರೂ ಅದರಲ್ಲಿವೆ.

ಮನಸ್ಸು: ಗಂಡನನ್ನು ಕಳೆದುಕೊಂಡ ಮೇಲೆ, ಮಗ ದೂರದ ಊರಿಗೆ ಹೋದ ಮೇಲೆ ಕೆಲವು ದಿನ ಬೇಸರ ಸಹಜ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರದು, ಬೆಳಗಿನ ಜಾವ ಮೂರಕ್ಕೇ ಎಚ್ಚರ ಎಂದಾದರೆ ಅದು ಖಿನ್ನತೆ ಇರಬಹುದು. ನಮ್ಮ ಅಜ್ಜಿಯರು ‘ಮನಸ್ಸಿಗೆ ದುಃಖ’ ಎನ್ನುವುದಿಲ್ಲ. ‘ಮೈಯೆಲ್ಲ ನೋವು, ಎದೆ ಭಾರ, ನಿಶ್ಶಕ್ತಿ’ ಎನ್ನುತ್ತಾರೆ. ಇದಕ್ಕೆ ಒಳ್ಳೆಯ ಔಷಧಗಳಿವೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹಿರಿಯ ನಾಗರಿಕರಿಗೆಂದೇ ಇರುವ ಸಹಾಯವಾಣಿ 14567.

ಇನ್ನುಳಿದವು: ರಕ್ತಹೀನತೆ, ಥೈರಾಯ್ಡ್ ಕೊರತೆ, ಹೃದಯದ ದೌರ್ಬಲ್ಯದಿಂದ ಬರುವ ಏದುಸಿರು, ಒಮ್ಮೆ ಬಿದ್ದ ಮೇಲೆ ಉಳಿದ ಭಯ. ನಲವತ್ತು ವರ್ಷ ಮಾಡಿದ ಹೋಳಿಗೆಯ ಕ್ರಮವೇ ಮರೆತುಹೋಗುತ್ತಿದ್ದರೆ, ಗೊತ್ತಿದ್ದ ದಾರಿ ತಪ್ಪುತ್ತಿದ್ದರೆ ಮರೆಗುಳಿ ರೋಗದ ಪರೀಕ್ಷೆ ಆಗಬೇಕು. ಎಚ್ಚರಿಕೆಯ ಮಾತೊಂದು: ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರು ಒಮ್ಮೆಲೇ ಮಂಕಾದರೆ, ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಸೋಂಕು, ಪಾರ್ಶ್ವವಾಯು ಅಥವಾ ರಕ್ತದಲ್ಲಿ ಉಪ್ಪಿನಂಶ ಇಳಿದದ್ದು ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಟ್ಟ ಹವ್ಯಾಸ ಮತ್ತೆ ಹಿಡಿಸುವುದು ಹೇಗೆ?

ಕಾರಣಕ್ಕೆ ಚಿಕಿತ್ಸೆ ಮಾಡಿಸುವುದರ ಜೊತೆಗೆ ಹವ್ಯಾಸವನ್ನು ಈಗಿನ ದೇಹಕ್ಕೆ ಹೊಂದಿಸಿಕೊಡಿ. ನೆಲದ ಮೇಲೆ ಕುಳಿತು ಕೌದಿ ಹೊಲಿಯಲಾಗದಿದ್ದರೆ ಕಿಟಕಿಯ ಬೆಳಕಿನಲ್ಲಿ ಕುರ್ಚಿ, ಎದುರಿಗೆ ಮೇಜು ಇಡಿ. ದೊಡ್ಡ ಕಣ್ಣಿನ ಸೂಜಿ ಕೊಡಿ. ಮನೆಯವರಿಗೆಲ್ಲ ಹಾಸುವ ಕೌದಿ ಬೇಡ, ಮೊಮ್ಮಗುವಿನ ಚಿಕ್ಕ ಕೌದಿ ಸಾಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಶಾವಿಗೆಗೆ ಹಿಟ್ಟು ನಾದುವ ಬಲ ಇಲ್ಲದಿದ್ದರೂ ಹದ ಹೇಳುವ ಹಕ್ಕು ಅವರದೇ ಇರಲಿ. ಹಾಡು ಬಲ್ಲವರಾದರೆ ಮೊಮ್ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಲಿ. ಕೇಳುವವರಿದ್ದಾರೆ ಎಂದರೆ ಮರೆತ ಪದವೂ ನೆನಪಿಗೆ ಬರುತ್ತದೆ.

ಇನ್ನೊಂದು ಮಾತು. ಮೊಮ್ಮಕ್ಕಳನ್ನು ಆಡಿಸುವುದು ಅಜ್ಜಿಗೆ ಸಂತೋಷವೇ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಗುವನ್ನು ಎತ್ತಿಕೊಂಡು ತಿರುಗುವುದು ಹವ್ಯಾಸವಲ್ಲ, ದುಡಿಮೆ. ದಿನದಲ್ಲಿ ಒಂದೆರಡು ತಾಸು ಪೂರ್ತಿ ಅವರದೇ ಆಗಿರಲಿ.

ತಿರುಗಾಟಕ್ಕೆ ಮುನ್ನ

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಗಿರಲಿ. ಹೀಗಾಗಿ ಟಿಕೆಟಿನ ಚಿಂತೆಯಿಂದ ಅಜ್ಜಿಯನ್ನು ಬಿಟ್ಟು ಹೋಗುವ ಕಾರಣ ಇಲ್ಲ. ಆದರೆ ಸಿದ್ಧತೆ ಬೇಕು.

* ದಿನದ ಗುಳಿಗೆಗಳು ಅಜ್ಜಿಯ ಕೈಚೀಲದಲ್ಲೇ ಇರಲಿ, ಬಸ್ಸಿನ ಮೇಲೆ ಹಾಕಿದ ಗಂಟಿನಲ್ಲಿ ಬೇಡ. ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಮೊದಲೇ ವೈದ್ಯರನ್ನು ಕೇಳಿ. ತಾವಾಗಿಯೇ ಬಿಡಬಾರದು.

* ಸಕ್ಕರೆ ರೋಗದವರು ದರ್ಶನವಾಗುವವರೆಗೆ ಉಪವಾಸ ಎಂದು ಗುಳಿಗೆ ನುಂಗಿ ಊಟ ಬಿಡುವುದು ಅಪಾಯ. ಬೆವರು, ನಡುಕ, ಮಂಪರು ಕಂಡು, ನುಂಗುವಷ್ಟು ಎಚ್ಚರವಿದ್ದರೆ ಕೂಡಲೇ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

* ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ, ಪಾದ ಜೋಮು ಹಿಡಿದ ಸಕ್ಕರೆ ರೋಗಿಗೆ ಸುಟ್ಟದ್ದೂ ತಿಳಿಯದು. ಬೆಳಿಗ್ಗೆಯೇ ದರ್ಶನ ಮುಗಿಸಿ. ಗುಡಿಯೊಳಗೆ ದಪ್ಪ ಕಾಲುಚೀಲ ಇರಲಿ. ರಾತ್ರಿ ಅಂಗಾಲನ್ನು ನೋಡಿ.

* ಯಡೂರು, ನರಸೋಬಾವಾಡಿಯಂಥ ಕಡೆ ನದಿಯ ಮೆಟ್ಟಿಲು ಪಾಚಿಯಿಂದ ಜಾರಬಹುದು. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಕೈ ಹಿಡಿದು ಇಳಿಸಿ. ಇಲ್ಲವೇ ಚೊಂಬಿನಲ್ಲಿ ನೀರು ತಂದು ತಲೆಗೆ ಪ್ರೋಕ್ಷಿಸಿದರೂ ಪುಣ್ಯ ಕಡಿಮೆಯಾಗದು.

* ಬಸ್ಸಿನಲ್ಲಿ ಕುಳಿತಲ್ಲೇ ಪಾದವನ್ನು ಆಗಾಗ ಮೇಲೆ ಕೆಳಗೆ ಆಡಿಸಲಿ. ಒಂದೆರಡು ತಾಸಿಗೊಮ್ಮೆ ಇಳಿದು ನಡೆಯಲಿ. ಶೌಚಾಲಯ ಎಲ್ಲಿದೆ ಎಂದು ಹೋದ ಕೂಡಲೇ ನೋಡಿಟ್ಟುಕೊಳ್ಳಿ.

* ಜಾತ್ರೆಯ ಗದ್ದಲಕ್ಕೆ ಹೋಗುವಾಗ ಹೆಸರು, ಊರು, ಮನೆಯ ಫೋನ್ ನಂಬರು, ಕಾಯಿಲೆಗಳ ಹೆಸರು ಬರೆದ ಚೀಟಿ ಅಜ್ಜಿಯ ಚಂಚಿಯಲ್ಲಿರಲಿ.

* ಹೊಲದ ಊಟದಲ್ಲಿ ಸಕ್ಕರೆ ರೋಗದ ಅಜ್ಜಿಗೂ ಅರ್ಧ ಶೇಂಗಾ ಹೋಳಿಗೆ ಇರಲಿ. ಅದರ ಬದಲು ಅನ್ನ ಕಡಿಮೆ ಮಾಡಿ, ರೊಟ್ಟಿಯೊಂದಿಗೆ ಪಲ್ಯ, ಕಾಳು ಹೆಚ್ಚು ಬಡಿಸಿ. ವರ್ಷಕ್ಕೊಮ್ಮೆ ಬರುವ ಹಬ್ಬದ ದಿನ ಎಲ್ಲರ ಮುಂದೆ ‘ನಿನಗೆ ಬೇಡ’ ಎಂದು ತಟ್ಟೆ ಎಳೆಯಬೇಡಿ.

ಈ ಒಂದು ಸುಖ ಬೇಡ

ನಿಪ್ಪಾಣಿ ಸೀಮೆ ತಂಬಾಕಿಗೆ ಹೆಸರಾದದ್ದು. ಇಲ್ಲಿಯ ಎಷ್ಟೋ ಅಜ್ಜಿಯರಿಗೆ ಬೆಳಿಗ್ಗೆ ಹುರಿದ ತಂಬಾಕಿನ ಮಿಶ್ರಿ ಹಲ್ಲಿಗೆ ತಿಕ್ಕದೆ, ಊಟದ ಮೇಲೆ ಎಲೆ-ಅಡಿಕೆಯೊಂದಿಗೆ ತಂಬಾಕು ಹಾಕದೆ ಸಮಾಧಾನವಿಲ್ಲ. ಇದು ಬಾಯಿಯ ಕ್ಯಾನ್ಸರಿಗೆ ನೇರ ದಾರಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತಡ ಮಾಡಬೇಡಿ. ಬೈದರೆ ಚಟ ಬಿಡುವುದಿಲ್ಲ. ಅಜ್ಜಿಯ ಚಂಚಿಯಲ್ಲಿ ತಂಬಾಕಿನ ಜಾಗಕ್ಕೆ ಲವಂಗ, ಏಲಕ್ಕಿ, ಸೋಂಪು ಇಡಿ. ಅಡಿಕೆಯೂ ಬೇಡ, ಅದೂ ಕ್ಯಾನ್ಸರ್ ತರುವಂಥದೇ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356.

ಕೊನೆಯಲ್ಲಿ, ಈ ವಾರ ಒಂದು ಕೆಲಸ ಮಾಡಿ. ಅಜ್ಜಿಯ ಬಳಿ ಕುಳಿತು, ಹೋದ ವರ್ಷ ಮಾಡುತ್ತಿದ್ದು ಈ ವರ್ಷ ಬಿಟ್ಟಿರುವ ಕೆಲಸ ಯಾವುದು ಎಂದು ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ರಕ್ತದೊತ್ತಡದ ಚೀಟಿಯೊಂದಿಗೆ ಅದನ್ನೂ ಮುಂದಿಡಿ. ಬಿಟ್ಟುಹೋದ ಗುಡಿ, ಮಡಚಿಟ್ಟ ಕೌದಿ, ತಪ್ಪಿಸಿಕೊಂಡ ಜಾತ್ರೆ, ಇವೂ ರೋಗಲಕ್ಷಣಗಳೇ. ಬೇಗ ಹೇಳಿದರೆ ಬೇಗ ಚಿಕಿತ್ಸೆ ಮಾಡಬಹುದು.