ಹೊಸ ಮೇಷ್ಟರಿಗೆ ಮೇಷ್ಟರು ಯಾರು?

ಪ್ರೌಢಶಾಲೆಯಲ್ಲಿ ಪಾಠ ಹೇಳಲು ಬಿ.ಇಡಿ. ಬೇಕು. ಪದವಿ ಕಾಲೇಜಿಗಾದರೆ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಕೆ-ಸೆಟ್ ಇದ್ದರೆ ಸಾಕು. ವಿಷಯ ಬಲ್ಲವರಿಗೆ ಕಲಿಸುವುದೂ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಹಿಂದೆ ಅದು ಅಷ್ಟಾಗಿ ಕೈಕೊಡಲಿಲ್ಲ. ತುಮಕೂರು ಜಿಲ್ಲೆಯಲ್ಲೇ ಹುಟ್ಟಿದ ಬಿ.ಎಂ.ಶ್ರೀ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. ಚಿಕ್ಕನಾಯಕನಹಳ್ಳಿ ಸೀಮೆಯ ತೀ.ನಂ.ಶ್ರೀ., ಬಿ.ಎಂ.ಶ್ರೀ.ಯವರ ಶಿಷ್ಯರಾಗಿ, ಮುಂದೆ ತಾವೂ ಅಧ್ಯಾಪಕರಾದರು. ವಿಭಾಗಗಳು ಚಿಕ್ಕವಾಗಿದ್ದುದರಿಂದ ಹಿರಿಯರ ಪಾಠವನ್ನೂ ಸಂಶೋಧನೆಯನ್ನೂ ಕಿರಿಯರು ಹತ್ತಿರದಿಂದ ನೋಡಬಹುದಿತ್ತು.

ಆ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಿಲ್ಲ. ಗುರುವಿನ ಕೃಪೆ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ ಜಾತಿ, ಊರು, ಪರಿಚಯ ಎಲ್ಲವೂ ಸೇರುತ್ತಿದ್ದವು. ಮಹಿಳೆಯರಿಗಂತೂ ಆ ಬಾಗಿಲು ತೆರೆದದ್ದೇ ಕಡಿಮೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ತೆರೆದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ದೊಡ್ಡ ಲಾಭ ಇಲ್ಲಿದೆ: ತರಬೇತಿ ಕೃಪೆಯಾಗಿ ಉಳಿಯದೆ ಹಕ್ಕಾಯಿತು. ಆದರೆ ಓರಿಯೆಂಟೇಷನ್, ರಿಫ್ರೆಶರ್ ಎರಡನ್ನೂ ಬಡ್ತಿಗೆ ಗಂಟು ಹಾಕಿದ್ದರಿಂದ ಕಲಿಕೆಗಿಂತ ಸರ್ಟಿಫಿಕೇಟಿಗೆ ತೂಕ ಬಂತು. ಕೇಂದ್ರಗಳ ಬೋರ್ಡು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಎಂದಾಯಿತು, 2023ರಲ್ಲಿ ಮಾಳವೀಯ ಮಿಷನ್ ಎಂದಾಯಿತು. ಗಂಟು ಮಾತ್ರ ಬಿಚ್ಚಲಿಲ್ಲ. ಕೆಲವು ವಾರ ಉಪನ್ಯಾಸ ಕೇಳಿ ಮರಳಿದವರ ತರಗತಿಗೆ ಆಮೇಲೆ ಯಾರೂ ಬಂದು ಕೂರುವುದಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ತುಮಕೂರಿಗೆ 2004ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಗುಬ್ಬಿ, ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಪರೀಕ್ಷೆ, ಪಠ್ಯಕ್ರಮ, ಸಂಶೋಧನೆಯ ನೋಂದಣಿ ಹತ್ತಿರವಾದವು. ಹಿರಿಯರು ಹತ್ತಿರವಾದರೇ? ಪಿಎಚ್.ಡಿ.ಗೆ ಮಾರ್ಗದರ್ಶಕರು ಸಿಗುತ್ತಾರೆ, ಪ್ರಬಂಧ ಮುಗಿದ ಮೇಲೆ ಆ ಸಂಬಂಧ ಕಾಗದದ ಮೇಲೆ ಕೊನೆಗೊಳ್ಳುತ್ತದೆ. ಪಾಠಕ್ಕೆ ಅಂಥವರೂ ಇಲ್ಲ. ಮೊದಲ ಲೇಖನವನ್ನು ಎಲ್ಲಿಗೆ ಕಳಿಸಬೇಕು, ದುಡ್ಡು ಕೇಳುವ ಪತ್ರಿಕೆಯಿಂದ ದೂರ ಇರುವುದು ಹೇಗೆ, ಇಂಗ್ಲಿಷ್ ಪಠ್ಯವನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೇಗೆ ತಲುಪಿಸಬೇಕು ಎಂಬ ಪ್ರಶ್ನೆಗಳು ನಾಲ್ಕು ವಾರದ ಶಿಬಿರದಲ್ಲಿ ತೀರುವಂಥವಲ್ಲ. ಕೆಲಸ ನಡೆಯುತ್ತಿರುವಾಗಲೇ ಏಳುವಂಥವು.

ಹಿರಿಯರಿಗೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಯುಜಿಸಿಯ 2018ರ ನಿಯಮದಂತೆ ಪ್ರಾಧ್ಯಾಪಕರು ವಾರಕ್ಕೆ 14 ಗಂಟೆ, ಸಹಾಯಕ ಪ್ರಾಧ್ಯಾಪಕರು 16 ಗಂಟೆ ಪಾಠ ಮಾಡಬೇಕು. ಕಿರಿಯರ ಪಾಠ ನೋಡಿ ಮಾತನಾಡಿದ ಹೊತ್ತು ಈ ಪಾಠದ ಲೆಕ್ಕದೊಳಗೆ ಬರುವುದಿಲ್ಲ. ಹಾಗಿದ್ದರೆ ಬದಲಾಗಬೇಕಾದದ್ದು ಲೆಕ್ಕ. 2020ರ ಶಿಕ್ಷಣ ನೀತಿ ನಿವೃತ್ತರನ್ನೂ ಸೇರಿಸಿಕೊಂಡು ಮಾರ್ಗದರ್ಶನದ ರಾಷ್ಟ್ರೀಯ ಮಿಷನ್ ಮಾಡುವ ಮಾತಾಡಿದೆ, ಭಾರತೀಯ ಭಾಷೆಗಳಲ್ಲಿ ಕಲಿಸಬಲ್ಲವರನ್ನು ವಿಶೇಷವಾಗಿ ನೆನೆದಿದೆ. ಅದನ್ನು ದೆಹಲಿಯ ಪಟ್ಟಿಯಾಗಿಸುವ ಬದಲು ತಾಲ್ಲೂಕು ಕಾಲೇಜಿನ ವೇಳಾಪಟ್ಟಿಗೆ ತರಬೇಕು. ಹಳೆಯ ಕೃಪೆ ಮರಳದಿರಲು ಹಿರಿಯರನ್ನು ಆರಿಸುವ, ಬದಲಿಸುವ ಅಧಿಕಾರ ಕಿರಿಯರ ಕೈಯಲ್ಲಿರಬೇಕು. ಈ ಮಾತುಕತೆ ಬಡ್ತಿಯ ಕಡತ ಸೇರಕೂಡದು. ಇನ್ನು ಪದವಿ ತರಗತಿಗಳ ದೊಡ್ಡ ಹೊರೆ ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಬಡ್ತಿಯೇ ಇಲ್ಲ, ಆದ್ದರಿಂದ ಬಡ್ತಿಗೆಂದೇ ಹೆಣೆದ ತರಬೇತಿಗೆ ಹೋಗಲು ಅವರಿಗೆ ಕಾರಣವೇ ಕಡಿಮೆ. ಅವರ ಗೌರವಧನದ ಗಂಟೆಗಳಲ್ಲಿ ಕಲಿಯುವ ಹೊತ್ತನ್ನೂ ಸೇರಿಸಬೇಕು.